ಜೀನು ಬಿಗಿಯುವ ವಿದ್ಯೆ ಮತ್ತು ಒಂದು ಹಳೆಯ ಸಾಲ

ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ಮೊಮ್ಮಗಳು ಫೋನು ಮಾಡಿದ್ದಳು. ಹನ್ನೆರಡರ ಈ ಹುಡುಗಿ ಈಗ ಪ್ರತಿ ಭಾನುವಾರ ನಗರದ ಹೊರವಲಯದಲ್ಲಿ ಕುದುರೆ ಸವಾರಿಯ ತರಗತಿಗೆ ಹೋಗುತ್ತಾಳೆ. ದನಿಯಲ್ಲಿ ಭಾರಿ ಅಸಮಾಧಾನವಿತ್ತು.

"ಅಜ್ಜಾ, ಮೂರು ವಾರ ಆತು. ಇನ್ನೂ ಕುದುರಿ ಮ್ಯಾಲೆ ಸರಿಯಾಗಿ ಕೂಡಿಸೇ ಇಲ್ಲ. ಬರೇ ಅದರ ಮೈ ತಿಕ್ಕೂದು, ಜೀನು ಹಾಕೂದು, ಮತ್ತ ತಗಿಯೂದು. ಇದಕ್ಯಾಕ ಇಷ್ಟು ಫೀ ಕೊಡಬೇಕು?"

"ನಿಮ್ಮ ಮಾಸ್ತರು ಭಾಳ ಛಲೋ ಮನಷ್ಯಾ ಇದ್ದಾರವಾ. ಅವರನ್ನ ಬಿಡಬ್ಯಾಡ" ಎಂದೆ.

"ನಿನಗೇನು ಗೊತ್ತು? ನೀ ಕನ್ನಡ ಮಾಸ್ತರು" ಎಂದುಬಿಟ್ಟಳು.

ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕುದುರೆಗೆ ಜೀನು ಬಿಗಿಯುವುದು ಹೇಗೆಂಬುದು ಈ ಕನ್ನಡ ಮಾಸ್ತರನಿಗೆ ಚೆನ್ನಾಗಿ ಗೊತ್ತಿದೆ. ಐವತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಯಾರ ಮುಂದೆಯೂ ಹೇಳದೆ ಇರುವುದಕ್ಕೆ ಕಾರಣವೂ ಇದೆ. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಖಾನಾಪುರದ ಕಡೆಯವರೇ ಹೆಚ್ಚು. ಆದ್ದರಿಂದ ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು, ಅಭ್ಯಾಸಬಲದಿಂದ, ಶಬ್ದಗಳ ವಿಚಾರ. (ತರಗತಿಯಲ್ಲಿ ಆಕಳಿಸುತ್ತಿದ್ದವರು ಈ ಭಾಗವನ್ನು ದಾಟಿ ಮುಂದೆ ಹೋಗಬಹುದು, ಈಗ ಹಾಜರಿ ಹಿಡಿಯುವವರಿಲ್ಲ.) ಕುದುರೆಯ ಬೆನ್ನಿನ ಮೇಲಿನ ಆಸನಕ್ಕೆ ಹಳಗನ್ನಡದ ಹೆಸರು ‘ಪಲ್ಲಣ’. ಸಂಸ್ಕೃತದ ‘ಪರ್ಯಾಣ’ವು ಪ್ರಾಕೃತದ ಮೂಲಕ ನಮ್ಮಲ್ಲಿಗೆ ಬಂದು ಪಲ್ಲಣವಾಯಿತು. ಮುಂದೆ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಲ್ಲಣವೂ ‘ಹಲ್ಲಣ’ವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆಗಳ ಲಕ್ಷಣವೂ ಕುದುರೆಯೇರಿ ಚೆಂಡಾಡುವ ವಿನೋದವೂ ವರ್ಣಿತವಾಗಿವೆ. ಅಂದರೆ ಈ ನಾಡಿಗೆ ಕುದುರೆಯ ವಿದ್ಯೆ ಹೊಸದಲ್ಲ.

ಆದರೆ ಬೆಳಗಾವಿಯ ಓಣಿಗಳಲ್ಲಿ ನಾನು ಕೇಳಿದ ಶಬ್ದಗಳು ಬೇರೆ. ಜೀನು, ಲಗಾಮು, ತಂಗು, ಚಾಬೂಕು, ಸವಾರ – ಇವೆಲ್ಲವೂ ಫಾರಸಿಯವು. ಕಾಲಿಡುವ ರಿಕಾಬು, ಗೊರಸಿಗೆ ಹೊಡೆಯುವ ನಾಲು (ನಮ್ಮ ‘ಲಾಳ’) ಅರಬ್ಬಿಯವು. ಬಹಮನಿ ಮತ್ತು ಆದಿಲಶಾಹಿ ಸೈನ್ಯಗಳ ಕಾಲದಲ್ಲಿ ಕುದುರೆಗಳ ಜೊತೆಗೇ ಈ ಶಬ್ದಗಳೂ ನಮ್ಮ ಊರುಗಳಿಗೆ ಬಂದು ನೆಲೆಸಿದವು. ಕುದುರೆಯ ಬಾಯಲ್ಲಿರುವ ‘ಕಡಿವಾಣ’ ಮಾತ್ರ ನಮ್ಮದಾಗಿಯೇ ಉಳಿಯಿತು. ಜೀನು ಹೊಲಿಯುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ ಜೀನಗಾರರೆಂಬ ಹೆಸರು ಬಂತು. ಸೈನ್ಯಗಳು ಚದುರಿ, ಜೀನು ಕೇಳುವವರು ಇಲ್ಲವಾದ ಮೇಲೆ ಅವರ ಕೈಗಳು ಬೇರೆ ಕಸುಬುಗಳನ್ನು ಹಿಡಿದವು. ನಮ್ಮ ಜಿಲ್ಲೆಯ ಗೋಕಾಕದಲ್ಲಿ ಹಗುರ ಮರದ ಬಣ್ಣಬಣ್ಣದ ಗೊಂಬೆಗಳನ್ನೂ ಹಣ್ಣುಗಳನ್ನೂ ಮಾಡುವವರು ಜೀನಗಾರರೇ. ಕಸುಬು ಹೋದರೂ ಹೆಸರಿನಲ್ಲಿ ಕುದುರೆ ಉಳಿದಿದೆ.

ಇನ್ನು ನನ್ನ ಗುರುಗಳ ವಿಷಯ.

1965ರಲ್ಲಿ ನಾನು ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಸೇರಿದೆ. ಖಡೇಬಜಾರದ ಹಿಂದಿನ ಒಂದು ಓಣಿಯಲ್ಲಿ ಬಾಡಿಗೆ ಕೋಣೆ. ಕೋಣೆಯ ಕಿಟಕಿ ತೆರೆದರೆ ಎದುರಿಗೆ ತಗಡಿನ ಒಂದು ಲಾಯ. ಅದರಲ್ಲಿ ಟಾಂಗಾ ಎಳೆಯುವ ಎರಡು ಕುದುರೆಗಳು, ಜೊತೆಗೆ ಒಂದು ಬಿಳಿಯ ಹೆಣ್ಣು ಕುದುರೆ, ಹೆಸರು ಚಾಂದನಿ. ಅವುಗಳ ಒಡೆಯರನ್ನು ಇಡೀ ಓಣಿ ‘ಚಾಚಾ’ ಎಂದು ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆ. ಆ ಕಾಲದಲ್ಲಿ ರೈಲು ನಿಲ್ದಾಣದ ಮುಂದೆ ಟಾಂಗಾಗಳು ಸಾಲಾಗಿ ನಿಲ್ಲುತ್ತಿದ್ದವು. ಕ್ಯಾಂಪಿಗೆ, ಶಹಾಪುರಕ್ಕೆ, ವಡಗಾವಿಗೆ ಹೋಗುವವರು ಟ್ರಂಕು ಹಾಸಿಗೆಗಳ ಸಮೇತ ಟಾಂಗಾ ಏರುತ್ತಿದ್ದರು. ಚಾಂದನಿಗೆ ಮಾತ್ರ ಟಾಂಗಾದ ಕೆಲಸವಿರಲಿಲ್ಲ. ಅವಳದು ಮದುವೆಗಳಲ್ಲಿ ಮದುಮಗನನ್ನು ಹೊತ್ತು ಮೆರೆಯುವ ಕೆಲಸ. ಚಾಚಾ ಅವಳನ್ನು ‘ನಮ್ಮ ಮನೀ ಹೆಣಮಗಳು’ ಎನ್ನುತ್ತಿದ್ದರು.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಒಮ್ಮೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡದು. ಅಂಥ ದಿನಗಳಲ್ಲಿ ಪುಸ್ತಕ ಮಡಚಿಟ್ಟು ಲಾಯದಲ್ಲಿ ಹೋಗಿ ಕೂಡುತ್ತಿದ್ದೆ. ಹುಲ್ಲಿನ, ಚರ್ಮದ, ನೆನೆದ ಕಡಲೆಯ ಆ ಮಿಶ್ರವಾಸನೆ ಇಂದಿಗೂ ಮೂಗಿನಲ್ಲಿದೆ. ಬರೀ ಕೂತವನನ್ನು ನೋಡಲಾಗದೆ ಚಾಚಾ ಒಂದು ದಿನ ನನ್ನ ಕೈಗೆ ಬ್ರಶ್ಶು ಕೊಟ್ಟರು. ನನ್ನ ವಿದ್ಯಾಭ್ಯಾಸ ಹೀಗೆ ಆರಂಭವಾಯಿತು. ಮೊಮ್ಮಗಳಿಗೆ ಮೂರು ವಾರ ಹೆಚ್ಚಾಯಿತು. ನನಗೆ ಮೂರು ತಿಂಗಳು ಅವರು ಜೀನು ಮುಟ್ಟಗೊಡಲಿಲ್ಲ.

ಅವರು ಕಲಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಕುದುರೆಯ ಬಳಿಗೆ ಎಂದೂ ಹಿಂದಿನಿಂದ ಹೋಗಬಾರದು. ಮಾತಾಡಿಸುತ್ತ, ಎಡಗಡೆಯಿಂದ, ಹೆಗಲಿನ ಕಡೆಗೆ ಹೋಗಬೇಕು. ಮೊದಲ ಕೆಲಸ ಬೆನ್ನನ್ನೂ, ಎದೆಯ ಕೆಳಭಾಗವನ್ನೂ ಬ್ರಶ್ಶಿನಿಂದ ತಿಕ್ಕುವುದು. ಬಳಿಕ ಬರಿಗೈಯನ್ನು ಅಲ್ಲೆಲ್ಲ ಆಡಿಸುವುದು. ಒಂದು ಹರಳು, ಒಂದು ಮುಳ್ಳು, ಒಣಗಿದ ಕೆಸರಿನ ಒಂದು ಹೆಕ್ಕಳಿಕೆ ಉಳಿದರೂ ಸವಾರನ ಭಾರವೆಲ್ಲ ಅದರ ಮೇಲೆ ಬಿದ್ದು ಸಂಜೆಯ ಹೊತ್ತಿಗೆ ಅಲ್ಲಿ ಹುಣ್ಣಾಗುತ್ತದೆ. "ನಿನ್ನ ಕಣ್ಣು ಮೋಸ ಹೋಗ್ತದ, ಬೇಟಾ. ಅಂಗೈ ಮೋಸ ಹೋಗೂದಿಲ್ಲ" ಎನ್ನುತ್ತಿದ್ದರು.

ಆಮೇಲೆ ಜೀನಿನ ಕೆಳಗೆ ಹಾಸುವ ಉಣ್ಣೆಯ ದಪ್ಪ ಹಾಸು. ಅದಕ್ಕೆ ‘ನಮದಾ’ ಎಂದು ಹೆಸರು. ಅದನ್ನು ಇರಬೇಕಾದ ಜಾಗಕ್ಕಿಂತ ಸ್ವಲ್ಪ ಮುಂದೆ ಹಾಕಿ ಹಿಂದಕ್ಕೆ ಜಾರಿಸಬೇಕು. ಆಗ ಕೆಳಗಿನ ಕೂದಲು ಬೆಳೆದ ದಿಕ್ಕಿನಲ್ಲಿಯೇ ಮಲಗುತ್ತದೆ. ಹಿಂದಿನಿಂದ ಮುಂದಕ್ಕೆ ಎಳೆದರೆ ಕೂದಲು ಎದ್ದುನಿಂತು ದಾರಿಯುದ್ದಕ್ಕೂ ಚುಚ್ಚುತ್ತದೆ. ಅದರ ಮೇಲೆ ಜೀನನ್ನು ಎತ್ತಿ ಮೆಲ್ಲಗೆ ಇಳಿಸಬೇಕು, ಎಸೆಯಬಾರದು. ಕುತ್ತಿಗೆ ಮುಗಿದು ಬೆನ್ನು ತೊಡಗುವಲ್ಲಿ ಎಲುಬಿನ ಒಂದು ದಿಬ್ಬವಿರುತ್ತದೆ. ಜೀನಿನ ಭಾರ ಆ ದಿಬ್ಬದ ಮೇಲಾಗಲಿ, ನಡು ಬೆನ್ನುಹುರಿಯ ಮೇಲಾಗಲಿ ಬೀಳಕೂಡದು. ಅದು ಎರಡೂ ಪಕ್ಕದ ಮಾಂಸಖಂಡಗಳ ಮೇಲೆ ಸಮನಾಗಿ ಕೂಡಬೇಕು. ಆದ್ದರಿಂದ ಜೀನಿನ ಮುಂಭಾಗದಲ್ಲಿ ಬೆರಳು ತೂರಿಸಿ, ನಮದಾವನ್ನು ಮೇಲಕ್ಕೆತ್ತಿ, ಗಾಳಿಯಾಡಲು ಒಂದು ಸಣ್ಣ ಸುರಂಗ ಮಾಡಬೇಕು. ಜೀನು ಹೆಗಲ ಮೇಲೆ ಬಂದರೂ ತಪ್ಪು. ಕುದುರೆಗೆ ಮುಂಗಾಲು ಚಾಚಲು ಆಗುವುದಿಲ್ಲ.

ಇನ್ನು ತಂಗು. ಜೀನನ್ನು ಬೆನ್ನಿಗೆ ಕಟ್ಟಿಹಿಡಿಯುವ, ಹೊಟ್ಟೆಯ ಕೆಳಗಿನಿಂದ ಹಾದುಬರುವ ಪಟ್ಟಿಯಿದು. ಮೊದಲು ಬಲಗಡೆಗೆ ಹೋಗಿ ಅದು ತಿರುಚಿಕೊಂಡಿಲ್ಲವೆಂದು ನೋಡಿ ಕೆಳಗಿಳಿಸಬೇಕು. ತಿರುಗಿ ಎಡಗಡೆಗೆ ಬಂದು, ಬಗ್ಗಿ ಅದನ್ನು ಹಿಡಿದು, ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರುವಂತೆ ತಂದು ಬಕಲಿಗೆ ಸೇರಿಸಬೇಕು. ಒಂದೇ ಸಲ ಜಗ್ಗಿ ಬಿಗಿಯಬಾರದು. ಒಂದು ತೂತು ಬಿಗಿದು, ಬೆನ್ನು ತಟ್ಟಿ, ಸ್ವಲ್ಪ ತಡೆದು ಇನ್ನೊಂದು ತೂತು. ಆನಂತರ ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಚಾಚಿಸಿದರೆ ತಂಗಿನ ಕೆಳಗೆ ಸಿಕ್ಕಿದ ಚರ್ಮದ ಮಡಿಕೆ ಬಿಚ್ಚಿಕೊಳ್ಳುತ್ತದೆ. ಎರಡು ಬೆರಳು ಅದರೊಳಗೆ ಹೋಗಬೇಕು, ಮುಷ್ಟಿ ಹೋಗಬಾರದು.

ಇಷ್ಟು ಮಾಡಿದ ಮೇಲೆ ಬಹುತೇಕ ಜನ ‘ಆಯಿತು’ ಎಂದುಕೊಳ್ಳುತ್ತಾರೆ. ಆಗಿರುವುದಿಲ್ಲ. ಏಕೆಂದರೆ ಬಿಗಿಯುವ ಹೊತ್ತಿಗೆ ಅನೇಕ ಕುದುರೆಗಳು ಉಸಿರು ಹಿಡಿದು ಎದೆಯನ್ನೂ ಹೊಟ್ಟೆಯನ್ನೂ ಸೆಟೆಸಿಕೊಳ್ಳುತ್ತವೆ. ನಿಮ್ಮ ಬೆರಳಿಗೆ ಪಟ್ಟಿ ಬಿಗಿಯಾಗಿಯೇ ತೋರುತ್ತದೆ. ನಾಲ್ಕು ಹೆಜ್ಜೆ ನಡೆದು ಉಸಿರು ಬಿಟ್ಟಿತೆಂದರೆ ಅದೇ ಪಟ್ಟಿ ಸಡಿಲ. ಆಗ ಸವಾರ ಒಂದು ಕಡೆಗೆ ವಾಲಿದರೆ ಜೀನು ಗಾಣದ ಕಟ್ಟಿಗೆಯಂತೆ ತಿರುಗಿ ಕುದುರೆಯ ಹೊಟ್ಟೆಯ ಕೆಳಗೆ ಹೋಗುತ್ತದೆ.

ಆದ್ದರಿಂದ ಚಾಚಾ ಅವರ ನಿಯಮ ಹೀಗಿತ್ತು: "ತಂಗು ಮೂರು ಸಲ. ಒಂದನೇದು ಹೊಂದಸಾಕ, ಎರಡನೇದು ಬಿಗಿಯಾಕ, ಮೂರನೇದು ಖರೇ ತಿಳಕೊಳ್ಳಾಕ. ಹತ್ತು ಹೆಜ್ಜಿ ನಡಸಿ ಮೂರನೇದು ನೋಡದs ಯಾರನ್ನೂ ಹತ್ತಸಬ್ಯಾಡ. ಬಾದಶಹಾ ಬಂದು ನಿಂತ್ರೂ ಹತ್ತಸಬ್ಯಾಡ."

"ಕುದುರಿ ಹಂಗ್ಯಾಕ ಮೋಸ ಮಾಡ್ತದ ಚಾಚಾ?" ಎಂದು ನಾನೊಮ್ಮೆ ಕೇಳಿದ್ದೆ.

"ಮೋಸ ಅಲ್ಲ, ಬೇಟಾ, ಅಂಜಿಕಿ. ಹಿಂದ ಯಾರೋ ಒಮ್ಮೆಗೇ ಜಗ್ಗಿ ನೋಯಿಸಿರತಾರ. ಅದನ್ನ ಅದು ಮರೀಲಿಲ್ಲ."

ಈಗಿನ ಪಶುವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ತಂಗು ಬಿಗಿಯುವಾಗ ಸೆಟೆಯುವ, ಕಚ್ಚಲು ಬರುವ ಕುದುರೆಯನ್ನು ಹಟಮಾರಿ ಎನ್ನದೆ ಅದರ ಬೆನ್ನಿನಲ್ಲಿ ನೋವಿದೆಯೇ, ಜಠರದಲ್ಲಿ ಹುಣ್ಣಿದೆಯೇ ಎಂದು ಮೊದಲು ಪರೀಕ್ಷಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಚಾಚಾ ಅದನ್ನು 1965ರಲ್ಲಿಯೇ ಅರಿತಿದ್ದರು.

1970ರ ಜೂನ್‌ನಲ್ಲಿ ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನನಗೆ ಕೆಲಸ ದೊರೆಯಿತು. (ಹೆಸರು ಬೇಡ, ಅಲ್ಲಿ ಓದಿದವರಿಗೆ ಗೊತ್ತು.) ಮೂರು ವರ್ಷಗಳ ಬಳಿಕ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆ ಗುರುವಾರದ ಸಂಭ್ರಮವನ್ನು ಕಂಡವರು ಮರೆತಿರಲಾರರು. ದೀಪಾವಳಿ ಮುಗಿದು ಕೆಲವೇ ದಿನಗಳಾಗಿದ್ದವು. ನಮ್ಮ ಶಾಲೆಯೂ ಮೆರವಣಿಗೆ ಹೊರಡಿಸಬೇಕೆಂದು ನಿರ್ಧಾರವಾಯಿತು. ನಮ್ಮ ತಾಲೂಕಿನಲ್ಲಿ ಮೆರವಣಿಗೆಯೆಂದರೆ ಯಾರ ವೇಷ ಹಾಕಬೇಕೆಂದು ಯೋಚಿಸಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಕಿತ್ತೂರಿನ ರಾಣಿ ಚೆನ್ನಮ್ಮ ಇದ್ದಾಳೆ. ಅವಳ ಬಂಟ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ್ದು ನಮ್ಮದೇ ತಾಲೂಕಿನ ನಂದಗಡದಲ್ಲಿ.

ರಾಯಣ್ಣನಿಗೆ ಒಬ್ಬ ಗಟ್ಟಿ ಹುಡುಗ ಸಿಕ್ಕ. ಚೆನ್ನಮ್ಮನಾಗಿ ಎಂಟನೆಯ ತರಗತಿಯ ಒಬ್ಬ ಹುಡುಗಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಎರಡರಲ್ಲಿಯೂ ಗಂಟೆ ಬಾರಿಸಿದಂಥ ದನಿ. ಕುದುರೆ? "ನನಗ ಗುರ್ತಿನವರು ಒಬ್ಬರಿದ್ದಾರೆ" ಎಂದು ನಾನೇ ಮುಂದೆ ಬಂದೆ. 30 ರೂಪಾಯಿ ಕೊಡುವುದೆಂದು ಮಾತಾಯಿತು.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಚಾಚಾ ಹಿಂದಿನ ಸಂಜೆ ಹೊರಟು, ದಾರಿಯಲ್ಲಿ ಒಂದಿಷ್ಟು ತಂಗಿ, ಚಾಂದನಿಯನ್ನು ನಡೆಸಿಕೊಂಡೇ ಬಂದಿದ್ದರು. ಅವಳು ದಣಿಯಬಾರದೆಂದು ತಾವೂ ಏರಿರಲಿಲ್ಲ. ಜೀನನ್ನು ಕೂಡ ಅವಳ ಮೇಲೆ ಹೊರಿಸದೆ ಒಬ್ಬರ ಚಕ್ಕಡಿಯಲ್ಲಿ ಹಾಕಿ ತಂದಿದ್ದರು. ಬೆಳಗಿನ ಮಂಜಿನಲ್ಲಿ ಮಲಪ್ರಭೆಯ ದಂಡೆಯಲ್ಲಿ ಅವಳಿಗೆ ನೀರು ಕುಡಿಸುತ್ತಿದ್ದವರನ್ನು ನಾನು ಹೋಗಿ ಕರೆತಂದೆ. ಐವತ್ತು ದಾಟಿದ ಮನುಷ್ಯ. ಕಣ್ಣು ಕೆಂಪಾಗಿದ್ದವು, ಕಾಲು ಎಳೆದು ನಡೆಯುತ್ತಿದ್ದರು.

"ಚಾಚಾ, ನೀವು ಚಹಾ ಕುಡದು ಒಂದು ತಾಸು ಅಡ್ಡಾಗ್ರಿ. ಜೀನು ನಾ ಬಿಗೀತೀನಿ" ಎಂದೆ.

ಅವರು ನನ್ನ ಮುಖ ನೋಡಿದರು. "ಬಿಗಿ. ಕಲಸಿದವ ನಾನ ಅಲ್ಲೇನು? ಆದ್ರ ಮೂರನೇದಕ್ಕ ನನ್ನ ಕರಿ. ಡೊಳ್ಳಿನ ಸಪ್ಪಳಕ್ಕ ಇಕಿ ಅಂಜತಾಳ" ಎಂದು ಚಹಾದಂಗಡಿಯ ಕಡೆಗೆ ಹೋದರು.

ಶಾಲೆಯ ಅಂಗಳದಲ್ಲಿ ಹುಡುಗರು ಸುತ್ತ ನೆರೆದಿದ್ದರು. "ಸರ್, ನಿಮಗ ಜೀನು ಹಾಕಾಕ ಬರ್ತದ?" ಎಂದು ಯಾರೋ ಬೆರಗಿನಿಂದ ಕೇಳಿದರು. ವ್ಯಾಕರಣ ಕಲಿಸುವ ಮಾಸ್ತರನಿಗೆ ಅಂಥ ಬೆರಗು ದಿನವೂ ದೊರೆಯುವುದಿಲ್ಲ. ಬೆನ್ನು ತಿಕ್ಕಿದೆ. ಅಂಗೈ ಆಡಿಸಿದೆ. ನಮದಾ, ಜೀನು, ತಂಗು – ಎಲ್ಲವನ್ನೂ ಕಲಿತ ಕ್ರಮದಲ್ಲಿಯೇ ಮಾಡಿದೆ. ಒಮ್ಮೆ ಹೊಂದಿಸಿದೆ, ಎರಡನೆಯ ಸಲ ಬಿಗಿದೆ. ಎರಡು ಬೆರಳು ಹಾಕಿ ನೋಡಿದೆ, ಬಿಗಿಯಾಗಿತ್ತು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಡೊಳ್ಳು ಮೊಳಗಿತು. ಹಿರಿಯರೊಬ್ಬರು ದೂರದಿಂದ ‘ಹತ್ತಿಸಿರಿ, ಹತ್ತಿಸಿರಿ’ ಎಂದು ಕೈ ಮಾಡಿದರು. ಚಹಾದಂಗಡಿ ಐವತ್ತು ಮಾರು ದೂರವೂ ಇರಲಿಲ್ಲ. ಒಬ್ಬ ಹುಡುಗನನ್ನು ಓಡಿಸಬಹುದಾಗಿತ್ತು. ಹತ್ತು ಹೆಜ್ಜೆ ನಡೆಸಿ ನಾನೇ ಮತ್ತೊಮ್ಮೆ ನೋಡಬಹುದಾಗಿತ್ತು. ನೋಡಲಿಲ್ಲ. ಅವಸರವಾಗಿತ್ತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧಸತ್ಯ. ಅಷ್ಟು ಜನರ ಮುಂದೆ, ನಾನೇ ಬಿಗಿದದ್ದನ್ನು ಮತ್ತೆ ಬಗ್ಗಿ ನೋಡುವುದು ನನ್ನ ಮೇಲೆ ನನಗೇ ನಂಬಿಕೆಯಿಲ್ಲವೆಂದು ತೋರಿಸಿದಂತಾಗುತ್ತದೆ ಎಂದು ಆಗ ಅನಿಸಿತ್ತು. ಮೂರನೆಯ ಸಲ ನೋಡದಂತೆ ನನ್ನನ್ನು ತಡೆದದ್ದು ಆ ಬೆರಗಿನ ಕಣ್ಣುಗಳು.

ಕಚ್ಚೆ ಹಾಕಿ ಇಳಕಲ್ ಸೀರೆಯುಟ್ಟ, ಕೈಯಲ್ಲಿ ಕಟ್ಟಿಗೆಯ ಖಡ್ಗ ಹಿಡಿದ ಹುಡುಗಿಯನ್ನು ಎತ್ತಿ ಕೂಡಿಸಿದೆ. ಲಗಾಮು ಹಿಡಿದು ನಡೆದೆ. ಎಣಿಸಿದ್ದರೆ ಹತ್ತು ಹೆಜ್ಜೆಗಳಾಗಿದ್ದವೋ ಇಲ್ಲವೋ. ಡೊಳ್ಳಿನವರು ಪಕ್ಕಕ್ಕೆ ಬಂದರು. ಚಾಂದನಿ ಬೆದರಿ ಒಂದು ಹೆಜ್ಜೆ ಬಲಕ್ಕೆ ಜಿಗಿದಳು. ಜೀನು ಎಡಕ್ಕೆ ತಿರುಗಿತು. ಹುಡುಗಿ ತಲೆಕೆಳಗಾಗಿ ಕುದುರೆಯ ಕಾಲುಗಳ ನಡುವೆ ಬಿದ್ದಳು.

ಚಾಂದನಿ ಮುಂದೆ ಮಾಡಿದ್ದನ್ನು ಅಲ್ಲಿದ್ದ ಯಾರೂ ಗಮನಿಸಲಿಲ್ಲ; ನಾನು ಗಮನಿಸಿದೆ. ಹೊಟ್ಟೆಯ ಕೆಳಗೆ ಜೀನು ತೂಗುತ್ತಿದ್ದರೆ ಎಂಥ ಸಾಧು ಕುದುರೆಯೂ ಒದ್ದು ಓಡುತ್ತದೆ. ಅವಳು ಮೈ ನಡುಗುತ್ತಿದ್ದರೂ ನಾಲ್ಕು ಕಾಲು ಊರಿ ನಿಂತುಬಿಟ್ಟಳು. ನಾನು ಮಗುವನ್ನು ಎಳೆದುಕೊಳ್ಳುವವರೆಗೆ ಒಂದು ಗೊರಸನ್ನೂ ಎತ್ತಲಿಲ್ಲ.

ಹುಡುಗಿಯ ಎಡಗೈ ಮುರಿದಿತ್ತು. ಅವಳನ್ನು ಆಸ್ಪತ್ರೆಗೆ ಒಯ್ದರು. ಇತ್ತ ಜನರ ಸಿಟ್ಟು ಒಂದು ದಾರಿ ಹುಡುಕುತ್ತಿತ್ತು. ಓಡಿಬಂದ ಚಾಚಾ ಅದಕ್ಕೆ ಸಿಕ್ಕರು. ‘ಜೀನು ಸರಿಯಾಗಿ ಬಿಗಿಯಲಾರದವ ಕುದುರೆ ಯಾಕೆ ತಂದ?’, ‘ಕುಡಿದಿರಬೇಕು, ಕಣ್ಣು ನೋಡಿರಿ’ ಎಂದರು. ಯಾರೋ ಚಾಂದನಿಗೆ ಬಡಿಗೆಯಿಂದ ಹೊಡೆದರು. ಮಾತಾದ ಹಣವನ್ನು ಕೊಡಬಾರದೆಂದು ಅಲ್ಲಿಯೇ ತೀರ್ಮಾನವಾಯಿತು.

ಚಾಚಾ ಒಂದು ಮಾತನ್ನೂ ಆಡಲಿಲ್ಲ. ಬಗ್ಗಿ, ಬಕಲು ಸಿಕ್ಕಿಸಿದ ತೂತನ್ನು ನೋಡಿದರು. ಎದ್ದು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಬಾಯಿ ತೆರೆಯುವೆನೆಂದು ಕಾಯುವ ನೋಟವದು. ಪಾಠ ಒಪ್ಪಿಸಲು ಎದ್ದುನಿಂತ ಹುಡುಗನನ್ನು ಮಾಸ್ತರು ನೋಡುವಂಥದು. ‘ಬಿಗಿದವನು ನಾನು’ ಎಂಬ ಎರಡೇ ಶಬ್ದ. ಕರ್ತೃ, ಕ್ರಿಯೆ ಎಲ್ಲವೂ ಸ್ಪಷ್ಟವಿರುವ ವಾಕ್ಯ. ನನ್ನ ಬಾಯಿಂದ ಬರಲಿಲ್ಲ. ಅವರು ಜೀನನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು, ಚಾಂದನಿಯ ಲಗಾಮು ಹಿಡಿದು, ಬೆಳಗಾವಿಯ ರಸ್ತೆ ಹಿಡಿದರು.

ಮೂರು ವಾರಗಳಾದ ಮೇಲೆ ನಾನು ಬೆಳಗಾವಿಗೆ ಹೋದೆ. ಕಿಸೆಯಲ್ಲಿ ನನ್ನ ಸಂಬಳದ 30 ರೂಪಾಯಿಗಳಿದ್ದವು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಚಾಚಾ ನನ್ನನ್ನು ಎಂದಿನಂತೆ ಕೂಡಿಸಿದರು, ಚಹಾ ತರಿಸಿದರು. ಹುಡುಗಿಯ ಕೈ ಹೇಗಿದೆಯೆಂದು ಮೊದಲು ಕೇಳಿದರು. ನಾನು ಹಣ ಮುಂದೆ ಹಿಡಿದಾಗ, "ಇದು ಸಾಲಿ ರೊಕ್ಕೋ, ನಿನ್ನ ರೊಕ್ಕೋ?" ಎಂದರು.

"ಸಾಲೀದು" ಎಂದೆ.

ಮೊದಲನೆಯದು ಮೌನ, ಇದು ಸುಳ್ಳು. ಅವರು ಹಣವನ್ನು ಕಣ್ಣಿಗೊತ್ತಿಕೊಂಡು, "ಹಂಗಾದ್ರ ನಿಮ್ಮ ಸಾಲಿಯವರಿಗೆ ನನ್ನ ಸಲಾಮು ಹೇಳು. ದೊಡ್ಡ ಮನಸಿನವರು" ಎಂದರು. ಅವರಿಗೆ ನಿಜ ಗೊತ್ತಾಗಿತ್ತೇ? ಗೊತ್ತಾಗಿದ್ದೂ ನನ್ನ ಮಾನವುಳಿಸಲು ಹಾಗೆ ಅಂದರೇ? ಇಷ್ಟು ವರ್ಷ ಯೋಚಿಸಿದ್ದೇನೆ. ಕೇಳುವ ಧೈರ್ಯ ಬಂದ ವಯಸ್ಸಿನಲ್ಲಿ ಕೇಳಲು ಅವರೇ ಉಳಿದಿರಲಿಲ್ಲ.

ತುಳಸಿ ಲಗ್ನ ಮುಗಿದು ಮದುವೆಗಳ ಹಂಗಾಮು ಬಂದಿತು. ಖಾನಾಪುರದ ಕಡೆಯ ಯಾವ ಮದುವೆಗೂ ಆ ವರ್ಷ ಚಾಂದನಿಗೆ ಕರೆ ಬರಲಿಲ್ಲ. ‘ಮಗುವನ್ನು ಕೆಡವಿದ ಕುದುರೆ’ ಎಂಬ ಮಾತು ಅವಳಿಗಿಂತ ವೇಗವಾಗಿ ಓಡಿತ್ತು. ಮರುವರ್ಷ ಚಾಚಾ ಅವಳನ್ನು ಮಾರಿದರು. ಕೊಂಡವರು ಯಾರೋ, ಅವಳು ಏನಾದಳೋ ನಾನು ಕೇಳಲಿಲ್ಲ. ಅದಾದ ಮೇಲೆ ಆ ಓಣಿಗೆ ಹೋಗುವುದನ್ನೇ ಬಿಟ್ಟೆ.

ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ನನ್ನದೊಂದು ಚಟ ನೆನಪಿರಬಹುದು. ಉತ್ತರಪತ್ರಿಕೆಯ ಅಂಕಗಳನ್ನು ನಾನು ಮೂರು ಸಲ ಕೂಡಿಸುತ್ತಿದ್ದೆ. ಮೂರನೆಯ ಸಲ ಕೂಡಿಸುವ ಮೊದಲು ಎದ್ದು ತರಗತಿಯಲ್ಲಿ ಹತ್ತು ಹೆಜ್ಜೆ ನಡೆದು ಬರುತ್ತಿದ್ದೆ. ಹಿಂದಿನ ಬೆಂಚಿನವರು ಅದನ್ನು ಅಣಕಿಸಿ ನಗುತ್ತಿದ್ದುದು ನನಗೆ ಗೊತ್ತಿತ್ತು. ಅದರ ಮೂಲ ಯಾವುದೆಂದು ಈಗ ನಿಮಗೂ ಗೊತ್ತಾಯಿತು. ಅಂಕ ಕೂಡಿಸುವುದರಲ್ಲಿ ಚಾಚಾ ಅವರ ಮಾತನ್ನು 36 ವರ್ಷ ಪಾಲಿಸಿದೆ. ಪಾಲಿಸಬೇಕಾಗಿದ್ದ ಒಂದು ದಿನ ಪಾಲಿಸಲಿಲ್ಲ.

ಈ ಲೇಖನ ಬರೆಯುವ ಮುನ್ನ ಆ ಹುಡುಗಿಗೆ – ಈಗ ಅವರೂ ಮೊಮ್ಮಕ್ಕಳಿರುವ ಅಜ್ಜಿ – ಫೋನು ಮಾಡಿದೆ. ನಿವೃತ್ತರಾಗಿ ಧಾರವಾಡದಲ್ಲಿದ್ದಾರೆ, ಪ್ರತಿ ಸಂಕ್ರಾಂತಿಗೆ ತಪ್ಪದೆ ನನಗೆ ಎಳ್ಳು ಬೆಲ್ಲ ಕಳಿಸುತ್ತಾರೆ. ತೊದಲುತ್ತ ಎಲ್ಲವನ್ನೂ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ.

"ಸರ್, ಜೀನು ಬಿಗಿದವರು ನೀವs ಅಂತ ನನಗ ಅವತ್ತs ಗೊತ್ತಿತ್ತು. ಬಾಜೂಕ ನಿಂತು ನೋಡೀನಲ್ರಿ. ಮನಿಯೊಳಗ ಅಪ್ಪನ ಮುಂದ ಹೇಳಿದೆ. ‘ಮಾಸ್ತರ ಬಗ್ಗೆ ಹಂಗ ಮಾತಾಡಬಾರದು’ ಅಂತ ಬೈದ್ರು. ಕೈಗೆ ಪಟ್ಟಿ ಹಾಕ್ಕೊಂಡು ಸಾಲಿಗೆ ಬಂದಾಗ ನೀವು ಇವತ್ತ ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ದಾರಿ ಕಾಯ್ದೆ."

ನನಗೆ ಏನು ಹೇಳುವುದಕ್ಕೂ ತೋಚಲಿಲ್ಲ. ಕ್ಷಮಿಸಬೇಕು ಎಂದೆ.

"ನಂದೇನೂ ಇಲ್ರಿ ಸರ್. ಕೈ ಆರು ವಾರಕ್ಕ ಕೂಡಿತು. ಆದ್ರ ನನಗ ಹೇಳಿದ್ರ ಸಾಕಾಗೂದಿಲ್ಲ. ಅವತ್ತ ಅಂಗಳದಾಗ ಇದ್ದವರಿಗೆಲ್ಲಾ ಹೇಳ್ರಿ."

ನನ್ನ ವಿದ್ಯಾರ್ಥಿನಿಯ ಈ ಮಾತು ಸರಿಯಾದದ್ದು. ಆ ಅಂಗಳದಲ್ಲಿ ಇದ್ದವರಲ್ಲಿ ಎಷ್ಟೋ ಜನ ಈಗಿಲ್ಲ. ಇರುವ ಕೆಲವರು ಇದನ್ನು ಓದುತ್ತೀರಿ. ಓದದವರಿಗೆ ನೀವು ಹೇಳುತ್ತೀರಿ. ಆದ್ದರಿಂದ ಆ ದಿನ ಬಾರದ ವಾಕ್ಯವನ್ನು ಇಲ್ಲಿ ಬರೆಯುತ್ತಿದ್ದೇನೆ. 1973ರ ನವೆಂಬರ್ 1ರಂದು ಆ ಬಿಳಿಯ ಕುದುರೆಗೆ ಜೀನು ಬಿಗಿದವನು ನಾನು. ಅದರ ಒಡೆಯರು ಕುಡಿದಿರಲಿಲ್ಲ. ರಾತ್ರಿಯಿಡೀ ನಡೆದು ದಣಿದಿದ್ದರು. ಮೂರನೆಯ ಸಲ ನೋಡಲು ತಮ್ಮನ್ನು ಕರೆಯೆಂದು ನನಗೆ ಸ್ಪಷ್ಟವಾಗಿ ಹೇಳಿದ್ದರು. ನಾನು ಕರೆಯಲಿಲ್ಲ. ಕುದುರೆಯದೂ ಅವರದೂ ಏನೂ ತಪ್ಪಿರಲಿಲ್ಲ. ಅವರು ಪಡೆದ 30 ರೂಪಾಯಿಗಳನ್ನು ಶಾಲೆ ಕೊಟ್ಟಿರಲಿಲ್ಲ.

ಕಳೆದ ವಾರ ಬೆಳಗಾವಿಯ ನಿಲ್ದಾಣಕ್ಕೆ ಹೋಗಿದ್ದೆ. ಟಾಂಗಾಗಳು ನಿಲ್ಲುತ್ತಿದ್ದಲ್ಲಿ ಈಗ ಆಟೋಗಳಿವೆ. ಅವುಗಳಲ್ಲಿ ಒಂದನ್ನು ಓಡಿಸುವವನು ಚಾಚಾ ಅವರ ಮೊಮ್ಮಗನೆಂದು ವಿಚಾರಿಸಿ ತಿಳಿದುಕೊಂಡಿದ್ದೆ. ಅವನ ಆಟೋದಲ್ಲಿ ಕುಳಿತು, ಚೆನ್ನಮ್ಮ ವೃತ್ತದವರೆಗೆ ಹೋಗುವಷ್ಟರಲ್ಲಿ ಇದಿಷ್ಟನ್ನೂ ಹೇಳಿದೆ. ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ ಕೇಳಿದ. ಎದುರಿಗೆ ಪ್ರತಿಮೆಯ ರಾಣಿ ಖಡ್ಗ ಹಿಡಿದು ಕುದುರೆಯ ಮೇಲೆ ಕುಳಿತಿದ್ದಳು. ಆ ಕುದುರೆಗೆ ಉಸಿರಿಲ್ಲ, ತಂಗಿನ ಚಿಂತೆಯಿಲ್ಲ. ಕೊನೆಗೆ ಅವನು, "ಜೀನು ಇನ್ನೂ ಮನಿಯೊಳಗ ಐತ್ರಿ, ಸಾಹೇಬ್ರ. ಅಜ್ಜಾ ಮಾರಾಕ ಬಿಡಲಿಲ್ಲ. ಒಮ್ಮೆ ಬಂದು ನೋಡಿ ಹೋಗ್ರಿ" ಎಂದ. ಬಾಡಿಗೆಯನ್ನು ಮಾತ್ರ ಮೀಟರಿನಷ್ಟೇ ತೆಗೆದುಕೊಂಡ.

ಹೋಗಬೇಕು. ಇನ್ನೂ ಹೋಗಿಲ್ಲ, ಈ ವಾರದೊಳಗೆ ಹೋಗುತ್ತೇನೆ.

ಮೊಮ್ಮಗಳು ನಿನ್ನೆ ಮತ್ತೆ ಫೋನು ಮಾಡಿದ್ದಳು. ಕಡೆಗೂ ಕುದುರೆಯ ಮೇಲೆ ಕೂಡಿಸಿದರಂತೆ. ಸಂತೋಷದಿಂದ ಕುಣಿಯುತ್ತಿದ್ದಳು. "ಹತ್ತು ಹೆಜ್ಜಿ ನಡಸಿ ತಂಗು ಮತ್ತ ನೋಡಿದ್ಯಾ?" ಎಂದು ಕೇಳಿದೆ. "ಸರ್ ನೋಡಿದ್ರು" ಎಂದಳು. "ಮುಂದಿನ ಸಲ ನೀನs ನೋಡು. ಇಳಿದ ಮ್ಯಾಲೂ ಒಂದು ತೂತು ಸಡಿಲು ಮಾಡಿ, ಸ್ವಲ್ಪ ನಡಸಿ, ಆಮ್ಯಾಲೆ ಜೀನು ತಗಿ. ಬೆನ್ನ ಮ್ಯಾಲೆ ಅಂಗೈ ಆಡಿಸಿ ನೋಡು" ಎಂದೆ.

"ಅಜ್ಜಾ, ಇದನ್ನೆಲ್ಲಾ ನಿನಗ ಯಾರು ಕಲಿಸಿದ್ರು?" ಎಂದು ಕೇಳಿದಳು.

ಈ ಸಲ ಹೇಳಿದೆ.